ಸಣ್ಣದಕ್ಕೆ ಕುಲಾವಿ

ತೊಂಬತ್ತೆಂಟರಲ್ಲಿ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನಿಡುವ ಕೋಣೆಯ ಹೊರಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಅವಳಿ ಹೆತ್ತ ಬಾಣಂತಿ ಸರ್ವಮಂಗಳಾ. ಹರಿಹರದಿಂದ ಬಂದಿದ್ದ ಅವಳ ಅತ್ತೆ ಗುರುಶಾಂತಮ್ಮ, ಹಳೇ ಸೀರೆಯಲ್ಲಿ ಹೊಲಿದ ಕುಲಾವಿಯೊಂದನ್ನು ಚೀಲದಿಂದ ತೆಗೆದರು.

“ಎರಡು ಕೂಸಿಗೆ ಒಂದೇ ತಂದೀರೇನ್ರಿ ಅತ್ತೆ?”

“ಇದು ದೊಡ್ಡದಕ್ಕೆ. ಸಣ್ಣದು ಉಳಿಯೋದು ಕಷ್ಟ ಅಂದಾರಲ್ಲವ್ವ ಡಾಕ್ಟ್ರು.”

“ನಂದೂ ಕಷ್ಟ ಅಂದಿದ್ರು. ಬಿ.ಪಿ. ಏರಿ ಫಿಟ್ಸ್ ಬಂದಿತ್ತು. ಈಗ ನಿಮ್ಮ ಮುಂದೆ ಕುಂತಿಲ್ಲೇನು?”

“ಆಸೆ ಇಟ್ಕಂಡು ಆಮೇಲೆ ಅಳಬ್ಯಾಡ ಅಂತ ಹೇಳಿದ್ನವ್ವ.”

“ಅಳೋದು ಬಂದ್ರೆ ಆವಾಗ ಅಳ್ತೀನಿ. ಈಗ್ಲೇ ಯಾಕ ಅಳ್ಲಿ? ತರ್ರಿ ಇಲ್ಲಿ. ಇದು ಸಣ್ಣದಕ್ಕೆ.”

“ಮತ್ತೆ ದೊಡ್ಡದಕ್ಕೆ?”

“ಆ ಸೀರೆ ಇನ್ನೂ ಉಳಿದೈತೋ ಇಲ್ಲೋ?”

“ಅರ್ಧ ಐತೆ.”

“ಹಂಗಾದ್ರೆ ಮುಂದಿನ ಬಸ್ಸಿಗೇ ಹೋಗ್ರಿ. ಇನ್ನೊಂದು ಹೊಲ್ಕಂಡು ಬರ್ರಿ.”

ಗುರುಶಾಂತಮ್ಮ ಕುಲಾವಿಯನ್ನು ಸೊಸೆಯ ಕೈಗೆ ಕೊಟ್ಟರು. ಆಮೇಲೆ ಚೀಲ ಎತ್ತಿಕೊಂಡು ಮೆಟ್ಟಿಲಿಳಿಯತೊಡಗಿದರು. ಒಳಗಿನಿಂದ ನರ್ಸ್ ಕರೆದಳು. ಸರ್ವಮಂಗಳಾ ಹೊಟ್ಟೆಯ ಹೊಲಿಗೆಯನ್ನು ಅದುಮಿ ಹಿಡಿದುಕೊಂಡು ಎದ್ದಳು. ಬಾಗಿಲು ದಾಟುವ ಮುನ್ನ ಮೆಟ್ಟಿಲ ಕಡೆ ತಿರುಗಿ ಕೂಗಿದಳು:

“ಅತ್ತೆ, ಅದನ್ನ ಸ್ವಲ್ಪ ದೊಡ್ಡದೇ ಹೊಲೀರಿ! ಬೆಳಿಯೋ ಮಕ್ಳು!”