ಅಚ್ಚಿನಲ್ಲಿ ಉಳಿದ ಎಳೆ

…ಹಂಗಂದದ್ದು ನಿಮ್ಮಪ್ಪನೇ ಕಣಮ್ಮ ಜಗದಾಂಬ, ಮತ್ತಿನ್ಯಾರು! "ಚನ್ನಮಲ್ಲಿ ಮಗ್ಗದ ಗುಂಡಿಗೆ ಇಳಿದ್ರೆ ಆರೇ ತಿಂಗಳು. ಆಮೇಲೆ ನನ್ನ ಬಾಗಿಲಿಗೆ ಬಂದು ಸೆರಗೊಡ್ತಾಳೆ." ನನ್ನ ಒಡಹುಟ್ಟಿದ ಅಣ್ಣ ಆಡೋ ಮಾತಾ ಅದು? ಕೂತ್ಕೋ. ಅಯ್ಯೋ, ಮಗ್ಗದ ಕಡೆ ಬೇಡ… ಇಲ್ಲಿ, ನನ್ನ ಹತ್ರ ಕೂತ್ಕೋ.

ಯಾಕೆ ನಗ್ತೀಯಾ? ಈ ಪುಸ್ತಕ ನೋಡಿಯಾ? ಇಂಗ್ಲಿಷ್ ಡಿಕ್ಷನರಿ ಕಣೇ! ಶಿರಾದ ಕರೀಮ್ ಸಾಬರ ರದ್ದಿ ಅಂಗಡೀಲಿ ಆರಿಸಿ ತಂದದ್ದು. ಯಾಕೆ ಗೊತ್ತಾ? ಗಂಡ ಸತ್ತು ತವರಿಗೆ ಬಂದವಳು ನಾನು. ಅಪ್ಪನ ಮಗ್ಗ ಒಂದು ಕೊಡಿ ಸಾಕು ಅಂದೆ. ಮಧುಗಿರಿ ಕೋರ್ಟಲ್ಲಿ ನಿಮ್ಮಪ್ಪನ ವಕೀಲ ಎದ್ದು, "ಅದು ಏರ್‌ಲೂಮ್ ಸ್ವಾಮಿ, ಮಗನಿಗೇ ಸೇರಬೇಕು" ಅಂದ. ಹಂಗಂದ್ರೇನು ಅಂತ ಕೇಳಿದೆ. ಕೋರ್ಟಿಗೆ ಕೋರ್ಟೇ ನಕ್ಕಿತು! ಮಗ್ಗ ನಿಮ್ಮಪ್ಪನಿಗೆ ಹೋಯ್ತು, ಅವನು ಬಿಚ್ಚಿ ಅಟ್ಟಕ್ಕೆ ಹಾಕ್ಬುಟ್ಟ. ನಾನು ಬಳೆ ಮಾರಿ ಈ ಮಗ್ಗ ಮಾಡಿಸಿದೆ. ಆ ಮಾತನ್ನು ಮಾತ್ರ ಬಿಡಲಿಲ್ಲ, ಇಂಗ್ಲಿಷ್ ಅಕ್ಷರ ಕಲಿತು ಹುಡುಕಿದೆ.

ಕೇಳು. ಏರ್ ಅಂದ್ರೆ ವಾರಸುದಾರ. ಲೂಮ್ ಅಂದ್ರೆ ಮಗ್ಗ… ಅದು ಈಗ. ಹಿಂದಿನ ಕಾಲದಲ್ಲಿ ಆ ಜನಕ್ಕೆ ಯಾವ ಸಲಕರಣೆಯಾದರೂ ಲೂಮೇ! ಮನೆಯ ಜೊತೆಗೆ ವಾರಸುದಾರನಿಗೆ ಸೇರೋ ಸಲಕರಣೆ, ಹಂಗೆ ಹುಟ್ಟಿದ ಮಾತು. ಒಡವೆ, ಗಡಿಯಾರ ಎಲ್ಲ ಆಮೇಲೆ ಬಂದು ಸೇರಿಕೊಂಡವು. ಸಲಕರಣೆ ಹಿಡಿಯೋ ಕೈಗೇ ವಾರಸು. ಇದು ಪುಸ್ತಕದಲ್ಲಿಲ್ಲ, ನಾನಂತೀನಿ.

ನಮ್ಮ ಕಸುಬೂ ಹಂಗೇ ಅಲ್ವಾ? ಸೀರೆ ಕೊಯ್ದಾಗ ಮಗ್ಗದ ಅಚ್ಚಿನ, ಆ ಬಾಚಣಿಗೆಯಂಥದ್ದರ, ಹಲ್ಲುಗಳಲ್ಲಿ ಗೇಣುದ್ದ ಎಳೆ ಬಿಡ್ತೀವಿ. ಹೊಸ ಹಾಸಿನ ಉದ್ದದ ಎಳೆ ಒಂದೊಂದನ್ನೂ ಆ ಹಳೇ ಎಳೆಗೇ ಹೊಸೆದು ಕೆಚ್ಚಬೇಕು. ಅದಕ್ಕೇ ನಿನ್ನ ಕರೆಸಿದ್ದು… ಇಲ್ಲ ಇಲ್ಲ, ಹಬ್ಬದೂಟಕ್ಕೆ ಕರೆಸಿದ್ದು. ಇನ್ನೊಂದು ಹೋಳಿಗೆ ಹಾಕ್ಲಾ?

ಏನು? ಕೆಲಸವಾ? ಬೇಕಾದಷ್ಟಿದೆ! ಕೊರಟಗೆರೆ ಪೇಟೇಲಿ ನನ್ನ ಸೀರೆ ಉಡದ ಹೆಂಗಸಿಲ್ಲ… ಲೇ, ಎದ್ದು ಎಲ್ಲಿಗೆ ಹೊರಟೆ? ಅಚ್ಚು ಮುಟ್ಟಬೇಡ! ಜಗದಾಂಬ!

…ಮುಟ್ಟೇಬಿಟ್ಟೆಯಾ?

ಬೆರಳಿಗೆ ಅಂಟಿದ್ದು ಏನು ಅಂತ ಹೇಳು. ಬೈದರೂ ಸರಿ.

ಹೂಂ. ಧೂಳು. ಹಳೇ ಎಳೆ ಹಂಗೇ ನೇತಾಡ್ತಿವೆ. ಸಂಕ್ರಾಂತಿಯಿಂದ ಒಂದನ್ನೂ ಕೆಚ್ಚಿಲ್ಲ. ಯುದ್ಧದ ಕಾಲ, ನೂಲು ಸಿಗ್ತಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ… ನೂಲಿದೆ ಕಣಮ್ಮ. ಎಳೆ ಕಾಣಲ್ಲ. ಅಕ್ಷರಾನೂ ಕಾಣಲ್ಲ. ಈಗ ಹೇಳಿದ್ದೆಲ್ಲ ಬಾಯಿಪಾಠ.

ಬೇಡ, ಕಣ್ಣೊರಿಸ್ಕೋ. ನಾನು ಸೆರಗೊಡ್ಡಲ್ಲ.

ಈ ಮನೆ ನನ್ನದು. ಈ ಮಗ್ಗ ನನ್ನದು. ಒಂದು ಇಂಗ್ಲಿಷ್ ಮಾತು, ಬೇರುಸಹಿತ ನನ್ನದು. ತಾನು ಸಾಯೋವರೆಗೂ ಅಣ್ಣ ನನ್ನ ಬಾಗಿಲಿಗೆ ಬರಲಿಲ್ಲ, ನಾನು ಅವನ ಬಾಗಿಲಿಗೆ ಹೋಗಲಿಲ್ಲ. ಇವತ್ತು ನೀನು ಹೊಸಿಲಲ್ಲಿ ನಿಂತು ‘ಅತ್ತೆ’ ಅಂದೆಯಲ್ಲ, ನನ್ನನ್ನ ಹಂಗೆ ಕರೆದವರೇ ಇರಲಿಲ್ಲ, ಯಾರನ್ನು ಕರೀತಿದ್ದಾರೆ ಅಂತ ತಿರುಗಿ ನೋಡಿದೆ.