ಪರಾತದೊಳಗಿನ ಬನ್ನಿ ಅಡವಿ

ಎಪ್ಪತ್ತಾರನೆಯ ಇಸವಿಯ ದಸರಾ ಆಗಷ್ಟೇ ಮುಗಿದಿತ್ತು. ಕಾಸಿಂಸಾಬ ತನ್ನ ಹಾಳು ಹೋತವನ್ನು ಕಟುಕರಿಗೆ ಮಾರಿಬಿಡಬೇಕೆಂದು ಸಂತೆಗೆ ಹೊರಟವನು, ಸಿಂದಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ದಣಿವಾರಿಸಿಕೊಳ್ಳುತ್ತ ಕೂತಿದ್ದ. ಪಕ್ಕದಲ್ಲೇ ಅಕ್ಕ ತಮ್ಮ ಇಬ್ಬರು. ಅವರ ನಡುವೆ ಹಿಟ್ಟು ನಾದುವ ದೊಡ್ಡ ಪರಾತ, ಅದರ ತುಂಬ ಕುಳ್ಳ ಬನ್ನಿ ಗಿಡಗಳು.

"ಇದು ಗೇಣುದ್ದ ಇರೋ ಅಡವಿ ಅಕ್ಕಾ. ಮಾಮಾ ಮುಂಬೈದಾಗ ಕಲತು ನೆಟ್ಟಾನ. ಆಗಾಗ ಕತ್ತರಸು ಅಂತ ನಿನಗ ಹೇಳಿದ್ದ. ಈಗ ನೋಡು, ಪೊದಿ ಆಗೈತಿ."

"ಬನ್ನಿಗಿ ಕಬ್ಬಣ ತಾಗಿಸಿದ್ರ ಕೈ ಬಿದ್ದು ಹೋಗತಾವ. ಮೊನ್ನಿ ಪೂಜಿ ಮಾಡಿ ಇವತ್ತ ಕಡೀಲೇನು?"

"ಇಂಡಿ ಊರಾಗ ಮಾಮಾ ಕಾಯಾಕತ್ತಾನ. ಇದನ್ನ ನೋಡಿದ್ರ ನಿನ್ನ ತವರಿಗಿ ಕಳಸ್ತಾನ."

"ಗಿಡದ ಸಲುವಾಗಿ ಹೆಂಡ್ತೀನ ಬಿಡ್ತಾರೇನು?"

"ಹಿಂದ ಒಂದು ಟೊಂಗಿ ಮುರದಾಗ ಉಣ್ಣೂದ ಬಿಟ್ಟಿದ್ದ."

ಅಷ್ಟರಲ್ಲಿ ಅಕ್ಕನ ಕಣ್ಣು ಹೋತದ ಮೇಲೆ ಬಿತ್ತು.

"ಆಡು ತಿಂದ್ರ ಕಡದಂಗಲ್ಲ ತಮ್ಮಾ. ಕಾಕಾ, ಹಗ್ಗ ಒಂಚೂರು ಬಿಡ್ರಿ."

ಕಾಸಿಂಸಾಬ ಬಿಟ್ಟ. ಹೋತ ಪರಾತಕ್ಕೆ ಬಾಯಿ ಹಾಕಿತು.

"ಈ ಬಾಜೂದು ಇನ್ನೊಂದೀಟು ತಿನ್ನಪಾ. ನಡೂದು ಬಿಡು, ಅದು ಎತ್ತರ ಇರಬೇಕು."

"ಸಾಕು ಅಕ್ಕಾ! ಥೇಟ್ ಮಾಮಾ ಕತ್ತರಸಿದಂಗ ಆಗೈತಿ!"

ಇಂಡಿ ಬಸ್ಸು ಬಂತು. ತಮ್ಮ ಪರಾತ ಎತ್ತಿಕೊಂಡು ಹತ್ತಿದ. ಅಕ್ಕ ಹಿಂತಿರುಗಿದಳು.

"ಇದನ್ನ ಎಲ್ಲಿಗಿ ಒಯ್ಯಾಕತ್ತೀರಿ ಕಾಕಾ?"

"ಕಟುಕರ ಕಡೆ."

"ಅಯ್ಯೋ! ಅದರ ಹೊಟ್ಟ್ಯಾಗ ಬನ್ನಿ ಐತ್ರಿ. ಇನ್ನ ಅದಕ್ಕೂ ಕಬ್ಬಣ ತಾಗಿಸಬ್ಯಾಡ್ರಿ!"

ಹೋತಕ್ಕೆ ಕೈಮುಗಿದು ಅವಳೂ ಬಸ್ಸು ಹತ್ತಿದಳು. ಬಸ್ಸೆಬ್ಬಿಸಿದ ಧೂಳು ಅಡಗಿದಾಗ ಕಾಸಿಂಸಾಬ ಸುತ್ತ ನೋಡಿದ. ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಲಿ ಬಿಟ್ಟು, ಹೋತದ ಮುಂದೆ ಸಾಲು ಹಚ್ಚಿದ್ದರು.