ಎರವಲು ಮೂಟೆಗಳಿಗೆ ವಂದನಾರ್ಪಣೆ

ಬೆಳಗಿನ ಜಾವ ಎರಡೂವರೆಗೆ, ಪಿಕಪ್ ಗಾಡಿಯೊಂದು ಹಿಂದಕ್ಕೆ ಸರಿಯುವಾಗ ಮಾಡುವ ಪೀಂ ಪೀಂ ಸದ್ದಿಗೆ ನನಗೆ ಎಚ್ಚರವಾಯಿತು. ವಂದನಾರ್ಪಣೆಯನ್ನು ಇಂಥ ಮಾತಿನಿಂದ ಆರಂಭಿಸುತ್ತಿರುವುದಕ್ಕೆ, ನಮ್ಮ ಸಹಕಾರ ಸಂಘದ ಅಧ್ಯಕ್ಷರಾದ ಧರ್ಮಣ್ಣನವರೇ, ನಿರ್ದೇಶಕರೇ, ಬೆಳೆಗಾರ ಬಂಧುಗಳೇ, ಸಭಿಕರೇ, ಕ್ಷಮಿಸಬೇಕು. ಮುಖ್ಯ ಅತಿಥಿಗಳನ್ನೂ ಸಂಬೋಧಿಸಬೇಕಿತ್ತು. ಆದರೆ ತಪಾಸಣೆಗೆ ಬಂದಿದ್ದ ಸುನಿಲ್‌ಕುಮಾರ್ ಸಾಹೇಬರು ಶಾಲು, ಹಾರ, ಹಣ್ಣಿನ ತಟ್ಟೆ ಸ್ವೀಕರಿಸಿ ಆಗಲೇ ಸಕಲೇಶಪುರಕ್ಕೆ ಹೊರಟಿದ್ದಾರೆ. ವಂದನಾರ್ಪಣೆಯ ತನಕ ಕುಳಿತ ಮುಖ್ಯ ಅತಿಥಿಯನ್ನು ನಾನಂತೂ ಕಂಡಿಲ್ಲ, ನೀವು ಕಂಡಿದ್ದೀರಾ?

ನನ್ನ ಮಗಳಿಗೆ ಹಲ್ಲು ಬರುತ್ತಿದೆ. ರಾತ್ರಿ ನಿದ್ದೆ ಎಂಬುದನ್ನು ಮರೆತು ಎಷ್ಟೋ ದಿನವಾಯಿತು. ಆದರೆ ನಿನ್ನೆ ರಾತ್ರಿ ನನ್ನನ್ನು ಎಬ್ಬಿಸಿದ್ದು ಮಗುವಲ್ಲ. ಕಿಟಕಿ ತೆಗೆದರೆ ನಮ್ಮ ಕಣದಲ್ಲಿ ಗಾಡಿ ನಿಂತಿತ್ತು. ನಮ್ಮ ಯಜಮಾನರು ವಸಂತ ಅದಕ್ಕೆ ಕಾಫಿ ಮೂಟೆ ಹೇರಿಸುತ್ತಿದ್ದರು. ಬೆಲೆ ಈ ಪಾಟಿ ಬಿದ್ದಿರುವಾಗ ಯಾರಿಗೆ ಮಾರುತ್ತಿದ್ದೀರಿ ಎಂದು ಕೇಳಿದೆ.

"ಮಾರೋದಲ್ಲ ಕಣೇ, ಸಂಘದ ಸ್ಟೋರಿಗೆ. ಒಂದಿನದ ಮಟ್ಟಿಗೆ," ಎಂದರು. "ಮದ್ವೆ ಮನೆಗೆ ಹಂಡೆ ಕೊಡಲ್ವಾ? ಹಂಗೇ ಇದೂನೂವೆ. ಮಲ್ಕೋ ಹೋಗು ಮಾರಾಯ್ತಿ, ಮಗು ಎದ್ಬುಡ್ತದೆ."

ಮಹನೀಯರೇ, ವಂದನಾರ್ಪಣೆ ಎಂದರೆ ಕೊಟ್ಟವರನ್ನು ನೆನೆಯುವುದು. ಶಾಮಿಯಾನ ಕೊಟ್ಟ ಅರುಣ್ ಅವರಿಗೆ ವಂದನೆ. ಕುರ್ಚಿ ಕೊಟ್ಟ ಶಾಲೆಯವರಿಗೆ ವಂದನೆ. ಅನ್ನದ ಹಂಡೆ ಕೊಟ್ಟ ಮೀನಾಕ್ಷಮ್ಮನವರಿಗೆ ವಂದನೆ. ನಮ್ಮಲ್ಲಿ ಯಾರ ಮನೆಯ ಕಾರ್ಯವೂ ಬರೀ ಅವರ ಪಾತ್ರೆಯಲ್ಲಿ ನಡೆದಿಲ್ಲ. ಅದು ನಮ್ಮ ದೊಡ್ಡತನ. ಹಾಗಿರುವಾಗ ಮೂಟೆ ಕೊಟ್ಟವರನ್ನು ಮಾತ್ರ ಮರೆಯುವುದು ನ್ಯಾಯವೇ? ಇವತ್ತು ನಮಗೆ ಸಿಕ್ಕಿದ ಒಳ್ಳೆಯ ಹೆಸರು ಅವರ ಮೂಟೆಯಿಂದಲೇ ಸಿಕ್ಕಿದ್ದಲ್ಲವೇ?

ಹಿಂದೆ ಕುಳಿತಿರುವ, ತೋಟದ ಕೂಲಿ ಮಾಡುವ ಲೈನ್ ಮನೆಗಳ ತಾಯಂದಿರಿಗೆ ಬಿಡಿಸಿ ಹೇಳುತ್ತೇನೆ. ಬೆಳೆಗಾರರು ಸ್ಟೋರಿನಲ್ಲಿ ಕಾಫಿ ಇಟ್ಟು ಸಂಘದಿಂದ ಸಾಲ ಪಡೆಯುತ್ತಾರೆ. ಆ ಸಾಲದ ದುಡ್ಡು ಎಲ್ಲಿಂದ ಬಂತು? ನೀವು ಇಟ್ಟ ಉಳಿತಾಯದಿಂದ. ಸ್ಟೋರಿನ ಕಾಫಿಯೇ ನಿಮ್ಮ ದುಡ್ಡಿಗೆ ಕಾವಲು. ಬೆಲೆ ಮುಗಿಲು ಮುಟ್ಟಿದಾಗ ಕೆಲವರು ಆ ಕಾಫಿಯನ್ನು ಹೊರಗೆ ತೆಗೆದು ಮಾರಿಕೊಂಡರು. ಮುಂದಿನ ಕುಯ್ಲಿಗೆ ತುಂಬಿಸುತ್ತೇವೆ ಎಂದರು. ಮುಂದಿನ ಕುಯ್ಲಿಗೆ ಮಳೆ ಕಾಯಿ ಉದುರಿಸಿತು, ಉಳಿದದ್ದಕ್ಕೆ ಬೆಲೆ ಇಲ್ಲವಾಯಿತು. ಸ್ಟೋರು ಖಾಲಿಯಾಗಿಯೇ ಉಳಿಯಿತು. ಇವತ್ತು ಬೆಳಿಗ್ಗೆ ಮಾತ್ರ ಸೂರಿನವರೆಗೆ ತುಂಬಿತ್ತು.

ನಾನು ಬಿ.ಕಾಂ. ಓದಿದವಳು. ಆರ್ಥಿಕ ಬಿಕ್ಕಟ್ಟಿನಲ್ಲಿ ಬ್ಯಾಂಕುಗಳ ಮೇಲಿನ ನಿಯಂತ್ರಣ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದಿದ್ದೆ. ಆ ಉತ್ತರದಲ್ಲಿ ತಪಾಸಣೆ ಇತ್ತು, ದರ್ಜೆ ಇತ್ತು, ಠೇವಣಿ ವಿಮೆಯೂ ಇತ್ತು. ಪಿಕಪ್ ಗಾಡಿ ಇರಲಿಲ್ಲ. ಆ ವಿಮೆ ಬ್ಯಾಂಕುಗಳಿಗೆ, ನಮ್ಮಂಥ ಸಂಘಗಳಿಗಿಲ್ಲ. ನಮಗಿರುವುದು ವರ್ಷಕ್ಕೊಮ್ಮೆಯ ಈ ಎಣಿಕೆಯೊಂದೇ. ಕಾಲ ಚೆನ್ನಾಗಿದ್ದಾಗ ನಿಯಮಕ್ಕೆ ಕೆಲಸವೇ ಇರುವುದಿಲ್ಲ. ಕಾಲ ಕೆಟ್ಟಾಗ ಅದು ಮನೆ ಬಾಗಿಲಿಗೆ ಬರುತ್ತದೆ. ಆಗ ನಾವೇನು ಮಾಡುತ್ತೇವೆ? ಬೀಗರು ಬಂದ ಹಾಗೆ ಕಾಲಿಗೆ ನೀರು ಕೊಟ್ಟು, ಹಾರ ಹಾಕಿ, ಉಂಡುಹೋಗಿ ಎನ್ನುತ್ತೇವೆ.

ಮಧ್ಯಾಹ್ನ ಸಾಹೇಬರ ಎಲೆಗೆ ಪಾಯಸ ಬಡಿಸುತ್ತಾ, ಸ್ಟೋರಿನ ಮೂಟೆಗಳೆಲ್ಲ ಎರವಲು ಎಂದು ಹೇಳಿಯೇಬಿಟ್ಟೆ. ಅವರು ಕೆಟ್ಟವರಲ್ಲ. "ಮೂಟೆ ಎಣಿಸೋದು ನನ್ನ ಕೆಲಸ ಮೇಡಂ. ಇದು ನಂದು ಅಂತ ಮೂಟೆಯ ಮಾಲೀಕರು ಒಬ್ಬರಾದರೂ ಹೇಳಿದರೆ ವರದಿ ನಿಲ್ಲಿಸ್ತೀನಿ. ನಿಮ್ಮ ಹೆಸರಲ್ಲಿ ಇದೆಯಾ?" ಎಂದರು. ನನ್ನ ಹೆಸರಲ್ಲಿ ಏನಿದೆ? ತೋಟ ಯಜಮಾನರದು, ಕಣ ಅವರದು, ಮೂಟೆ ಅವರದು. ನನ್ನ ಹೆಸರು ಆಮಂತ್ರಣ ಪತ್ರಿಕೆಯಲ್ಲಿದೆ, ಅದೂ ಕೊನೆಯ ಸಾಲಿನಲ್ಲಿ.

ವರದಿ ಬೆಳಿಗ್ಗೆ ಹೋಗುತ್ತದೆ. ಹೋದ ಮೇಲೇನಾಗುತ್ತದೆ? ಒಳ್ಳೆಯ ದರ್ಜೆಯ ಸಂಘ ಎಂದು, ಬೆಳೆಗಾರರಿಗೆ ಸಂಕಷ್ಟ ಸಾಲ ಹಂಚಲು ನಾಳೆಯೇ ಕೌಂಟರ್ ತೆರೆಯುತ್ತಾರೆ. ಹಂಚುವುದಕ್ಕೆ ಉಳಿದಿರುವುದು ಲೈನಿನವರ ಉಳಿತಾಯವೊಂದೇ. ಅದೂ ಹೊರಟರೆ ಮತ್ತೆ ಬರುವ ದಾರಿಯಿಲ್ಲ.

ಅಗೋ, ಬಾಗಿಲ ಹತ್ತಿರ ನನ್ನ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಾರಲ್ಲ, ಅವರು ಹುಲಿಯಮ್ಮ. ಮೈಯಲ್ಲಿ ಶಕ್ತಿ ಇರುವ ತನಕ ಲೈನಿನ ಮನೆ ಅವರದು. ಕೆಲಸ ಬಿಟ್ಟ ದಿನ ಅದನ್ನೂ ಬಿಡಬೇಕು. ಬೆಳಗೋಡಿನ ಹತ್ತಿರ ಒಂದು ಸಣ್ಣ ಸೈಟು ನೋಡಿಟ್ಟಿದ್ದಾರೆ. ಅದಕ್ಕೆಂದು ಕೂಡಿಟ್ಟದ್ದೆಲ್ಲ ಇಲ್ಲೇ ಇದೆ. ಸಂಜೆ ಅವರನ್ನು ಕರೆದು, ನಿಮ್ಮ ದುಡ್ಡು ತೆಗೆದುಕೊಳ್ಳಿ ಎಂದೆ. "ಕೇಳ್ದೆ ಅಮ್ಮಾರೇ. ಸಾಲ ಕೊಟ್ಟಾದ್ಮೇಲೆ ಬಾ ಅಂದ್ರು," ಎಂದರು. ಆಮೇಲೆ ನನಗೇ ಸಮಾಧಾನ ಹೇಳಿದರು: "ನೀವ್ಯಾಕ್ ಅಳ್ತೀರಿ? ನಂಗೆ ಎಣ್ಸಕ್ಕೆ ಬರಲ್ಲ. ಸಾಯೇಬ್ರು ಎಣ್ಸವ್ರಲ್ಲ, ಇನ್ನೇನ್ ಭಯ ಐತೆ?"

ಈ ಮಾತಿಗೆ ಉತ್ತರ ಯಾರ ಹತ್ತಿರವಾದರೂ ಇದೆಯೇ? ಇದ್ದರೆ ಹೇಳಿ, ನಾನು ಮೈಕ್ ಬಿಟ್ಟು ಇಳಿಯುತ್ತೇನೆ.

"ಓದ್ದೋರು ನೀವು, ಚಂದಾಗಿ ಮಾಡ್ಬುಡಿ. ಉದ್ದ ಬ್ಯಾಡ ಕಣಮ್ಮ, ಊಟ ಆರೋಗ್ತೈತೆ," ಎಂದಿದ್ದರು ಧರ್ಮಣ್ಣನವರು. ಈಗ ಮೈಕಿನವರಿಗೆ ಸನ್ನೆ ಮಾಡುತ್ತಿದ್ದಾರೆ. ಮುಗಿಸುತ್ತೇನೆ.

ಸ್ಟೋರಿನಲ್ಲಿ ಗೋಡೆ ಪಕ್ಕ ಪೇರಿಸಿದ ಮೂಟೆಗಳ ಅಟ್ಟಿ ಯಸಳೂರಿನ ಕಡೆಯಿಂದ ಬಂದದ್ದು. ಬಾಗಿಲ ಎದುರಿನದು ಹಾನುಬಾಳಿನ ಕಡೆಯದು. ನಡುವಿನದು ನಮ್ಮದು; ಹರಿದ ಮೂಟೆಗಳಿಗೆ ಹೊಲಿಗೆ ಹಾಕಿದ್ದು ನಾನೇ, ನೀಲಿ ದಾರದಲ್ಲಿ. ಕೊಟ್ಟವರು ನೀವೆಲ್ಲ ಒಳ್ಳೆಯವರು. ನೆರೆಯವರು ಕೇಳಿದಾಗ ಇಲ್ಲ ಎನ್ನಲಾರದೆ ಕೊಟ್ಟಿರಿ. ಕೊಟ್ಟ ಹಂಡೆಯನ್ನು ಕಾರ್ಯ ಮುಗಿದ ಮೇಲೆ ನಮ್ಮದೆಂದು ಕೇಳಿ ತರುವುದಿಲ್ಲವೇ? ಅಷ್ಟೇ ಮಾಡಬೇಕಾದದ್ದು. ಸಾಹೇಬರು ಇದೇ ಮೈಕಿನಲ್ಲಿ ತಮ್ಮ ಫೋನ್ ನಂಬರ್ ಹೇಳಿ ಹೋಗಿದ್ದಾರೆ. ಬರೆದುಕೊಳ್ಳದವರಿಗೆ ಬಾಗಿಲಲ್ಲಿ ನಾನೇ ಕೊಡುತ್ತೇನೆ.

ಯಾರೂ ಫೋನ್ ಮಾಡುವುದಿಲ್ಲ ಎಂದು ನನಗೆ ಗೊತ್ತು. ನಾಳೆಯೂ ಇದೇ ದಾರಿಯಲ್ಲಿ ಎದುರಾಗಬೇಕು, ಇವರ ಮದುವೆಗೆ ಅವರು ಬರಬೇಕು. ಎರಡೂವರೆಗೆ ನಾನು ಹೇಗೂ ಎದ್ದಿರುತ್ತೇನೆ, ಮಗುವನ್ನು ಎತ್ತಿಕೊಂಡು ಕಿಟಕಿಯಲ್ಲಿ. ಇವತ್ತು ರಾತ್ರಿ ಗಾಡಿಗಳು ಮೂಟೆಗಳನ್ನು ವಾಪಸು ತರುವ ಸದ್ದು ಕೇಳುತ್ತದೆ. ಅದಕ್ಕೂ ಮೊದಲು ಇನ್ನೊಂದು ಸದ್ದು ಕೇಳಬಾರದೇ?

ಸಹಕರಿಸಿದ ಎಲ್ಲರಿಗೂ ಸಂಘದ ಪರವಾಗಿ ವಂದನೆಗಳು, ನಮಸ್ಕಾರ. ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವ ನಮ್ಮ ಯಜಮಾನರೇ, ನಿಮಗೂ ಕೈಮುಗಿಯುತ್ತೇನೆ. ಮಗು ಎದ್ದರೂ ಚಿಂತೆಯಿಲ್ಲ, ಮಲಗಿಸುವುದು ನನಗೆ ರೂಢಿಯಾಗಿದೆ. ನೀಲಿ ದಾರದ ಮೂಟೆ ನಂದು ಎಂದಷ್ಟೇ ಹೇಳಿ ಸಾಕು. ಬೆಳಗಾಗುವುದರೊಳಗೆ ಸಾಹೇಬರಿಗೆ ಒಂದು ಫೋನ್ ಮಾಡಿ.